ಉಪವಾಸದಲ್ಲೂ ಬೆಳೆದ ಬ್ಯಾಕ್ಟೀರಿಯಾ

ದುರುಗೇಶನ ಕೆಲಸದ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ರಾಯಚೂರಿನ ಪ್ರಯೋಗಾಲಯದಲ್ಲಿ ನಾವಿಬ್ಬರೂ ಒಂದು ಬ್ಯಾಕ್ಟೀರಿಯಾದ ಅಷ್ಟೂ ಜೀನ್‌ಗಳನ್ನು ಅವು ನಡೆಸುವ ರಾಸಾಯನಿಕ ಕ್ರಿಯೆಗಳ ಸಮೇತ ಕಂಪ್ಯೂಟರಿಗೆ ತುಂಬಿ, ಅದು ಏನು ತಿಂದರೆ ಎಷ್ಟು ಬೆಳೆಯುತ್ತದೆಂದು ನೋಡುತ್ತಿದ್ದೆವು. ಅದು ನಂಬಲಾಗದಷ್ಟು ಬೆಳೆಯುತ್ತಿತ್ತು.

ಮನೆಯಲ್ಲಿ ಇದನ್ನು ಹೇಳಿಕೊಂಡಾಗ ರೈಸ್ ಮಿಲ್ ನಡೆಸುವ ಅಪ್ಪ ಹೇಳಿದರು: “ಒಬ್ಬರ ಭತ್ತ ಮುಗದ ಮ್ಯಾಲೆ ನಾವು ಮಷಿನ್ ಖಾಲಿ ಓಡಸ್ತೀವಿ. ಒಳಗ ಉಳದದ್ದು ಹೊರಗ ಬೀಳ್ತದ. ನೀನೂ ಓಡಸಿ ನೋಡವಾ.”

ಮರುದಿನ ಕಂಪ್ಯೂಟರಿನಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವನ್ನೆಲ್ಲ ಬಂದ್ ಮಾಡಿದೆ. ಉಪವಾಸದಲ್ಲೂ ಬೆಳೆಯಿತು!

“ಏನ್ ಸುಳ್ಳು ತುಂಬೀಯೋ?” ಎಂದು ದುರುಗೇಶನ ಮೇಲೆ ಹರಿಹಾಯ್ದೆ.

ಅವನು ಹುಡುಕಲೇ ಇಲ್ಲ. ನೇರವಾಗಿ ಒಂದು ರಾಸಾಯನಿಕ ಕ್ರಿಯೆಯನ್ನು ತೆಗೆದುಹಾಕಿದ. ಬೆಳವಣಿಗೆ ಸೊನ್ನೆಗಿಳಿಯಿತು. ಅದನ್ನು ಸೇರಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು.

“ಹೋದ ತಿಂಗಳ ಗೊತ್ತಾಗಿತ್ರೀ ಮೇಡಂ,” ಎಂದ. “ನಾ ಹೇಳಿದ್ರ ನೀವು ನಂಬತಿದ್ರೇನು?”