ಜಿರಾಫೆ ಮಲಗಿದ ದಿನ

ನಾನೊಂದು ಜಿರಾಫೆ. ಕಾಡಿನದಲ್ಲ, ಹಲಗೆಯದು. ಮೈಸೂರಿನ ಹೊರಗೆ ರಿಂಗ್ ರೋಡು ದಾಟಿದ ಮೇಲೆ ಸಿಗುವ ಒಂದು ಮನರಂಜನಾ ಪಾರ್ಕಿನಲ್ಲಿ ಮಕ್ಕಳ ಎತ್ತರ ನೋಡುವುದೇ ನನ್ನ ಕಸುಬಾಗಿತ್ತು.

ನನ್ನನ್ನು ಮಾಡಿದವರು ದಸ್ತಗೀರ್ ಸಾಬರು. ಅವರು ಲಾರಿಗಳ ಹಿಂದೆ ನವಿಲು, ತಾವರೆ, ತಾಯಿಯ ಆಶೀರ್ವಾದ ಇವನ್ನೆಲ್ಲ ಬರೆಯುತ್ತಿದ್ದ ಕೈ. ಜಿರಾಫೆ ಬರೆದು ಗೊತ್ತಿರಲಿಲ್ಲ. ಒಂದು ಭಾನುವಾರ ಮೃಗಾಲಯಕ್ಕೆ ಹೋಗಿ, ಊಟದ ಹೊತ್ತು ಮೀರುವವರೆಗೂ ಜಿರಾಫೆಯ ಮುಂದೆಯೇ ನಿಂತಿದ್ದು ಬಂದರಂತೆ. ಆದರೂ ಅಭ್ಯಾಸ ಬಿಡುತ್ತದೆಯೇ? ನನ್ನ ಕಣ್ಣಿಗೂ ಲಾರಿಯ ಮೇಲೆ ಬರೆಯುವ ಕಣ್ಣಿಗೆ ಹಚ್ಚುವ ಹಾಗೆ ದಪ್ಪಗೆ ಕಾಡಿಗೆ ಹಚ್ಚಿಬಿಟ್ಟರು. ಪಾರ್ಕಿನ ಸಾಹೇಬರು ನೋಡಿ, "ಏನ್ ಸಾಬ್ರೇ, ಮದುವೆ ಹೆಣ್ಣು ಮಾಡ್ಬಿಟ್ರಲ್ಲ!" ಎಂದರು. "ಮಕ್ಕಳು ಹೆದರ್ಕೋಬಾರ್ದಲ್ಲ ಸಾರ್," ಎಂದರು ಸಾಬರು. ಕೊನೆಗೆ ನನ್ನ ಪಾದದಿಂದ ಸರಿಯಾಗಿ ನಾಲ್ಕು ಅಡಿ ಅಳೆದು, ಎದೆಯ ಮೇಲೆ ಒಂದು ಕೆಂಪು ಗೆರೆ ಎಳೆದು, ಕೆಳಗೆ ಬರೆದರು: "ಈ ಗೆರೆಯಷ್ಟು ಎತ್ತರ ಇದ್ದೀರಾ? ಬನ್ನಿ!"

ನನ್ನನ್ನು ನಿಲ್ಲಿಸಿದ್ದು ಕಂಬಳಿಹುಳು ರೈಲಿನ ಬಾಗಿಲಲ್ಲಿ. ಹಸಿರು ಬಣ್ಣದ ರೈಲು, ಏರಿ ಇಳಿದು ಸುತ್ತಿ ಬರುತ್ತದೆ. ಸೊಂಟದ ಕಂಬಿ ಸರಿಯಾಗಿ ಕೂರಬೇಕಾದರೆ ಮಗು ನಾಲ್ಕು ಅಡಿ ಇರಲೇಬೇಕು. ಬಾಗಿಲು ಕಾಯುತ್ತಿದ್ದವನು ಶಿವನಂಜು, ನಂಜನಗೂಡಿನ ಕಡೆಯವನು. ಕತ್ತಿನಲ್ಲಿ ಸೀಟಿ, ಬಾಯಲ್ಲಿ ಒಂದೇ ಮಂತ್ರ: "ಜಿರಾಫೆ ಹೂಂ ಅಂದ್ರೆ ನಾನೂ ಹೂಂ."

ಕತ್ತು ಉದ್ದ ಇದ್ದವರಿಗೆ ಕುತೂಹಲವೂ ಉದ್ದ. ನನ್ನ ಮುಂದೆ ನಿಂತ ಮಕ್ಕಳು ಮಾಡದ ಚೇಷ್ಟೆ ಇಲ್ಲ. ಕೆಲವರು ಹಿಮ್ಮಡಿ ಎತ್ತುತ್ತಿದ್ದರು, ಕೆಲವರು ಜುಟ್ಟನ್ನು ನೆತ್ತಿಯ ಮೇಲಕ್ಕೆ ಕಟ್ಟಿಸಿಕೊಂಡು ಬರುತ್ತಿದ್ದರು. ಒಬ್ಬರು ಅಜ್ಜಿಯಂತೂ ಮೊಮ್ಮಗನ ಚಪ್ಪಲಿಯೊಳಗೆ ದಿನಪತ್ರಿಕೆ ಮಡಿಸಿ ತುರುಕಿದ್ದರು! ಇವರು ಮನೆಗೆ ಹೋಗಿ ಏನು ಮಾತಾಡಿಕೊಳ್ಳುತ್ತಾರೆ, ಮುಂದಿನ ವರ್ಷ ಎಷ್ಟು ಬೆಳೆದು ಬರುತ್ತಾರೆ ಎಂದು ಯೋಚಿಸುವುದರಲ್ಲೇ ನನ್ನ ಸಂಜೆಗಳು ಕಳೆಯುತ್ತಿದ್ದವು.

ಹೀಗಿರುವಾಗ ನಾಲ್ಕನೆಯ ವರ್ಷ ಒಂದು ಎಡವಟ್ಟಾಯಿತು. ಅದಕ್ಕೆ ಕಾರಣ ಭಕ್ತಿ ಎಂದರೆ ನಂಬುತ್ತೀರಾ?

ಆಯುಧಪೂಜೆ ಬಂದರೆ ನಮ್ಮಲ್ಲಿ ಎಲ್ಲ ಆಟದ ಯಂತ್ರಗಳಿಗೂ ಸ್ನಾನ. ರೈಲಿಗೆ, ತೊಟ್ಟಿಲಿಗೆ, ನನಗೆ, ಎಲ್ಲರಿಗೂ ಪೈಪು ಹಿಡಿದು ನೀರು ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಾರೆ. ವರ್ಷಾ ವರ್ಷಾ ಈ ನೀರು ಕುಡಿದೂ ಕುಡಿದೂ ನನ್ನ ಪಾದ ಕೊಳೆಯತೊಡಗಿತು. ಶಿವನಂಜುಗೆ ಕರುಳು ಚುರ್ ಎಂದಿತು. ಗಾರೆಯವರಿಗೆ ಹೇಳಿ ನಾಲ್ಕು ಬೆರಳು ಎತ್ತರದ ಒಂದು ಸಿಮೆಂಟ್ ಕಟ್ಟೆ ಹಾಕಿಸಿ, ನನ್ನನ್ನು ಅದರ ಮೇಲೆ ಬೋಲ್ಟು ಬಿಗಿದು ನಿಲ್ಲಿಸಿದ. ಕಟ್ಟೆಗೂ ಒಂದು ನಿಂಬೆಹಣ್ಣು ಇಟ್ಟ. ನಾನು ನಾಲ್ಕು ಬೆರಳು ಮೇಲೆ ಹೋದೆ, ನನ್ನ ಗೆರೆಯೂ ಮೇಲೆ ಹೋಯಿತು. ಮಕ್ಕಳು ಮಾತ್ರ ಮೊದಲಿನ ಹಾಗೆ ನೆಲದ ಮೇಲೆಯೇ ನಿಂತರು.

ಯಾರಿಗೂ ಹೊಳೆಯಲಿಲ್ಲ. ನನಗೆ ಮೊದಲ ದಿನವೇ ಹೊಳೆಯಿತು, ಆದರೆ ಸಾಬರು ಕೊಟ್ಟ ಬಾಯಿ ನಗುವುದಕ್ಕೆ ಮಾತ್ರ. ಎರಡು ಜಡೆಯ ಒಬ್ಬಳು ಹುಡುಗಿ ಬಂದಳು. ಹಿಂದಿನ ವರ್ಷ ಗೆರೆಗೆ ಸರಿಯಾಗಿ ನೆತ್ತಿ ಮುಟ್ಟಿಸಿ ರೈಲು ಹತ್ತಿದ್ದವಳು. ಈಗ ಇನ್ನೂ ಸ್ವಲ್ಪ ಬೆಳೆದಿದ್ದರೂ ಗೆರೆಯ ಕೆಳಗೇ ಉಳಿದಳು. "ಹೋದ್ ವರ್ಷ ಹೋಗಿದ್ದೆ ಅಂಕಲ್!" ಎಂದು ಕಣ್ಣು ತುಂಬಿಕೊಂಡಳು. ಅವಳ ಅಪ್ಪ, "ಏನೇ, ಕುಗ್ಗಿಹೋದ್ಯಾ?" ಎಂದು ನಕ್ಕ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಹುಡುಗಿ ನಗಲಿಲ್ಲ. ಅವಳು ನನ್ನನ್ನು ತಿರುತಿರುಗಿ ನೋಡುತ್ತಾ ಹೋದಳು.

ನಾನು ಕಟ್ಟೆ ಹತ್ತಿದ ಮೇಲೆ ಹೀಗೆ ಆರು ವರ್ಷ ಕಳೆಯಿತು.

ಏಳನೆಯ ವರ್ಷದ ಬೇಸಿಗೆ ರಜೆಯಲ್ಲಿ ತಿಪಟೂರಿನಿಂದ ಒಂದು ಸಂಸಾರ ಬಂತು. ಅಪ್ಪ ತಿಮ್ಮರಾಜು, ಬಸ್ ಕಂಡಕ್ಟರು. ಅಮ್ಮ ಮಂಗಳಗೌರಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಾಲಿಕುರ್ಚಿಯಲ್ಲಿ ಮಗಳು ಸಿಂಚನ, ಹನ್ನೆರಡು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಅವಳ ಕಾಲು ನಿಲ್ಲುತ್ತಿರಲಿಲ್ಲ, ಮಾತು ಎಳೆದೆಳೆದು ಬರುತ್ತಿತ್ತು. ಬುದ್ಧಿ ಮಾತ್ರ ಚುರುಕೆಂದರೆ ಚುರುಕು. ಅವರು ಮೂವರೂ ಸೇರಿ ರಜೆಗೆಂದು ಮನೆ ಬಿಟ್ಟಿದ್ದು ಅದೇ ಮೊದಲು. ಸಿಂಚನ ಒಂದು ವರ್ಷದಿಂದ ಅಪ್ಪನ ಮೊಬೈಲಿನಲ್ಲಿ ಕಂಬಳಿಹುಳು ರೈಲನ್ನೇ ನೋಡಿಕೊಂಡು ಬಂದಿದ್ದಳಂತೆ.

ಕುರ್ಚಿಗೆ ಮೂರು ಬಲೂನು ಕಟ್ಟಿತ್ತು. ಬೆಳಗಿನಿಂದ ಮೂರು ಆಟಗಳ ಬಾಗಿಲಲ್ಲಿ "ಇವಳಿಗೆ ಆಗಲ್ಲಮ್ಮ, ಪಾಪ" ಎಂದು ಹೇಳಿ ಒಂದೊಂದು ಬಲೂನು ಕೈಗಿಟ್ಟು ಕಳಿಸಿದ್ದರು. ಕಂಬಳಿಹುಳು ಕೊನೆಯದು. ಸಂಜೆ ಅವರಿಗೆ ತಿಪಟೂರಿಗೆ ವಾಪಸ್ ರೈಲಿತ್ತು.

ಶಿವನಂಜು ಮೊದಲು ಕೇಳಿದ್ದು ಒಳ್ಳೆಯ ಪ್ರಶ್ನೆ. "ಅಕ್ಕಾ, ಮಗೀಗೆ ಕತ್ತು ನಿಲ್ತದಾ?"

"ಕತ್ತು ನಿಲ್ಲುತ್ತೆ ಅಣ್ಣ, ಕೂತ್ಕೋತಾಳೆ. ಕಾಲು ಒಂದೇ ನಿಲ್ಲೋದಿಲ್ಲ. ಪಕ್ಕದಲ್ಲಿ ಅವರಪ್ಪ ಕೂತು ಹಿಡ್ಕೋತಾರೆ."

"ಹಂಗಾದ್ರೆ ಜಿರಾಫೆ ಹೂಂ ಅನ್ಬೇಕು."

ತಿಮ್ಮರಾಜು ಮಗಳ ಕಂಕುಳಿಗೆ ಕೈಕೊಟ್ಟು ನನ್ನ ಮುಂದೆ ಎತ್ತಿ ಹಿಡಿದ. ಅವಳ ಮಂಡಿ ಮಡಚಿಕೊಂಡಿತು, ತಲೆ ಗೆರೆಗಿಂತ ಎಷ್ಟೋ ಕೆಳಗೆ ಉಳಿಯಿತು. ಶಿವನಂಜು ತಲೆ ಅಲ್ಲಾಡಿಸಿದ. ಅವನ ಕೈ ಜೇಬಿನ ಕಡೆ ಹೋಯಿತು. ಅಲ್ಲಿ ಚಾಕಲೇಟು ಇರುವುದು ನನಗೆ ಗೊತ್ತಿತ್ತು. ಸಿಂಚನಳಿಗೂ ಗೊತ್ತಾಯಿತೇನೋ, "ಬೇ...ಡಾ" ಎಂದು ಕೂಗಿದಳು.

"ಇವಳು ನಾಲ್ಕಡಿ ಮೇಲೆ ಒಂದು ಬೆರಳು ಇದ್ದಾಳೆ," ಎಂದಳು ಮಂಗಳಗೌರಿ. "ಪ್ರತಿ ಹುಟ್ಟಿದಹಬ್ಬಕ್ಕೂ ಚಾಪೆ ಮೇಲೆ ಮಲಗಿಸಿ ನಾನೇ ಅಳೀತೀನಿ. ಊರೋರ ಅಳತೆಯೆಲ್ಲ ತೆಗೀತೀನಂತೆ, ನನ್ನ ಮಗಳ ಅಳತೆ ತಪ್ತೀನಾ?" ಚೀಲದಿಂದ ಟೇಪು ತೆಗೆದೇಬಿಟ್ಟಳು.

"ನಿಮ್ಮ ಟೇಪು ಸರೀನೇ ಇರ್ಬೋದು ಅಕ್ಕಾ. ನಾಳೆ ಸಾಹೇಬ್ರು ಕೇಳಿದ್ರೆ ನಾನು ಜಿರಾಫೆ ತೋರಿಸ್ಬೇಕು. ನಿಂತ್ಕೊಂಡ್ರೆ ತಾನೆ ಅಳೆಯೋದು?"

"ನಿಂತ್ಕೊಂಡೇ ಇರ್ಬೇಕು ಅಂತ ಎಲ್ಲಿ ಬರೆದಿದೆ? ಓದಿ ನೋಡೋಣ."

ಶಿವನಂಜು ನನ್ನನ್ನು ಓದಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದ ಎಂದು ಕಾಣುತ್ತದೆ. ಹಾಗೆ ಎಲ್ಲೂ ಬರೆದಿರಲಿಲ್ಲ.

"ಹೋಗ್ಲಿ ಬಿಡೇ," ಎಂದು ತಿಮ್ಮರಾಜು ಹೆಂಡತಿಯ ತೋಳು ಹಿಡಿದ. "ಜನ ನೋಡ್ತಿದಾರೆ."

"ನೋಡ್ಲಿ ಬಿಡ್ರೀ. ಟಿಕೇಟು ತಗೊಂಡು ಬಂದಿರೋದೇ ನೋಡೋಕೆ." ಆಮೇಲೆ ಶಿವನಂಜು ಕಡೆ ತಿರುಗಿದಳು. "ಅಣ್ಣಾ, ನನ್ನ ಮಗಳು ನಿಲ್ಲೋಕಾಗಲ್ಲ. ನಿಮ್ಮ ಜಿರಾಫೆ ಮಲಗಬಹುದಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಿವನಂಜುಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತುಹೋಯಿತು. ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಸ್ಪ್ಯಾನರ್ ತಂದ.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸಾಲಿನಲ್ಲಿ ನಕ್ಕವನೇ ಮುಂದೆ ಬಂದು ನನ್ನ ಕತ್ತು ಹಿಡಿದುಕೊಂಡ. ಮಂಗಳಗೌರಿ ತಾನು ತಂದಿದ್ದ ಜಮಖಾನವನ್ನು ನೆಲದ ಮೇಲೆ ಹಾಸಿದಳು. ಒಂದು ಕಡೆ ನನ್ನನ್ನು, ಪಕ್ಕದಲ್ಲಿ ಸಿಂಚನಳನ್ನು ಮಲಗಿಸಿದರು. ಅಬ್ಬಾ! ಆಕಾಶ ಇಷ್ಟೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ಮಕ್ಕಳ ನೆತ್ತಿಗಳೇ. ಈಗ ಒಂದು ಮಗುವಿನ ಮುಖ ನನ್ನ ಪಕ್ಕದಲ್ಲೇ ಇತ್ತು. ಸಿಂಚನ ನನ್ನ ಕಾಡಿಗೆ ಕಣ್ಣನ್ನೇ ನೋಡಿ, "ಚೆಂ...ದ" ಎಂದಳು.

ಅಮ್ಮ ಅವಳ ಹಿಮ್ಮಡಿಯನ್ನು ನನ್ನ ಪಾದಕ್ಕೆ ಸಮ ಮಾಡಿ, ಮಂಡಿಯನ್ನು ಮೆಲ್ಲಗೆ ನೀವಿ ನೀವಿ ಚಾಚಿಸಿದಳು. ಎಲ್ಲರೂ ಬಗ್ಗಿದರು. ಸಿಂಚನಳ ನೆತ್ತಿ ನನ್ನ ಕೆಂಪು ಗೆರೆಯನ್ನು ಒಂದು ಬೆರಳು ದಾಟಿತ್ತು.

"ಹೂಂ ಅಂತು!" ಎಂದು ತಿಮ್ಮರಾಜು ಕಿರುಚಿದ. ಜನ ನೋಡುತ್ತಿರುವುದು ಅವನಿಗೆ ಮರೆತೇಹೋಗಿತ್ತು.

ಅಪ್ಪ ಮಗಳು ರೈಲಿನಲ್ಲಿ ಕೂತರು. ಶಿವನಂಜು ತಾನೇ ಕಂಬಿ ಇಳಿಸಿ, ಎರಡೆರಡು ಸಲ ಅಲ್ಲಾಡಿಸಿ ನೋಡಿ, ಅಮ್ಮ ಚೀಲದಿಂದ ತೆಗೆದುಕೊಟ್ಟ ದುಪ್ಪಟ್ಟಾದಿಂದ ಅವಳನ್ನು ಸೀಟಿಗೆ ಕಟ್ಟಿದ. ರೈಲು ಹೊರಟಿತು. ನಾನು ನೆಲದಲ್ಲಿ ಅಂಗಾತ ಬಿದ್ದಿದ್ದೆ, ಅದು ಎತ್ತರದ ಹಳಿಯಲ್ಲಿ ನನ್ನ ಮೇಲಿನಿಂದಲೇ ಹಾದುಹೋಗುತ್ತಿತ್ತು. ಸಿಂಚನಳ ನಗು ಮಾತಿನ ಹಾಗೆ ಎಳೆದೆಳೆದು ಬರುತ್ತಿರಲಿಲ್ಲ. ಒಂದೇ ಉಸಿರಿಗೆ ಭೋರ್ ಎಂದು ಬರುತ್ತಿತ್ತು. ಮಂಗಳಗೌರಿ ನನ್ನ ಪಕ್ಕದಲ್ಲಿ ಜಮಖಾನದ ಮೇಲೇ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನಗೂ ಅಳಬೇಕು ಅನಿಸಿತು.

ಆಗಲೇ ಶಿವನಂಜುಗೆ ಖಾಲಿ ಕಟ್ಟೆ ಕಂಡದ್ದು. ಅವನು ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟು ಅಳೆದ. ಒಂದು, ಎರಡು, ಮೂರು, ನಾಲ್ಕು. ಮಂಗಳಗೌರಿಯ ಟೇಪು ಈಸಿಕೊಂಡು ನನ್ನ ಪಾದದಿಂದ ಗೆರೆಯವರೆಗೆ ಅಳೆದ. ಸರಿಯಾಗಿ ನಾಲ್ಕು ಅಡಿ. ಅವನ ಮುಖ ಸಪ್ಪಗಾಯಿತು.

"ಅಯ್ಯೋ ನಂಜುಂಡೇಶ್ವರ! ಆರು ವರ್ಷದಿಂದ ಸುಮ್ ಸುಮ್ನೆ ಎಷ್ಟ್ ಮಕ್ಕಳನ್ನ ಅಳಿಸ್ಬಿಟ್ನಲ್ಲಪ್ಪಾ!"

"ಬೇಕು ಅಂತ ಮಾಡಿದ್ದಲ್ಲವಲ್ಲ ಅಣ್ಣ," ಎಂದಳು ಮಂಗಳಗೌರಿ ಕಣ್ಣೊರೆಸಿಕೊಳ್ಳುತ್ತಾ.

"ಒಂದ್ ಸಲಾನೂ ಅಳ್ದು ನೋಡ್ಲಿಲ್ಲವಲ್ಲ ಅಕ್ಕಾ," ಎಂದ ಅವನು.

ಹೊರಡುವ ಮುಂಚೆ ಸಿಂಚನ ಅಮ್ಮನಿಗೆ ಏನೋ ಹೇಳಿ, ಕುರ್ಚಿಯ ಮೂರು ಬಲೂನುಗಳನ್ನೂ ಬಿಚ್ಚಿಸಿ ನನ್ನ ಕತ್ತಿಗೆ ಕಟ್ಟಿಸಿದಳು. ನನ್ನನ್ನು ನೋಡಿ "ಪಾ...ಪ" ಎಂದು ಕಿಲಕಿಲ ನಕ್ಕಳು. ತುಂಟಿ!

ಮಾರನೆಯ ದಿನ ಶಿವನಂಜು ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡು ಬೈಸಿಕೊಂಡು, ಕಟ್ಟೆಯನ್ನು ಒಡೆದು ಹಾಕಿದ. ಬೋಲ್ಟಿನ ಬದಲು ಕೊಕ್ಕೆ ಹಾಕಿಸಿದ, ಬೇಕೆಂದಾಗ ನನ್ನನ್ನು ಮಲಗಿಸಬಹುದು. ಬಾಗಿಲಲ್ಲಿ ಒಂದು ಜಮಖಾನ ಕಾಯಂ ಆಯಿತು. ವಿಶೇಷ ಮಕ್ಕಳ ಶಾಲೆಗಳ ಅಮ್ಮಂದಿರಿಗೆ ಸುದ್ದಿ ಬಾಯಿಂದ ಬಾಯಿಗೆ ಹೋಯಿತು: "ಮೈಸೂರಿಗೆ ಹೋಗಿ, ಅಲ್ಲಿ ಜಿರಾಫೆ ಮಲಗುತ್ತೆ." ಆಮೇಲೆ ಎಷ್ಟು ಮಕ್ಕಳು ನನ್ನ ಪಕ್ಕ ಮಲಗಿದರೋ! ಎಲ್ಲರೂ ಗೆರೆ ಮುಟ್ಟಲಿಲ್ಲ. ಆದರೆ ಅಳೆಯದೆ ಯಾರನ್ನೂ ಕಳಿಸಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಮೈಮೇಲಿನ ಮಚ್ಚೆಗಳು ಮಾಸಿವೆ. ಬಾಗಿಲಲ್ಲಿ ಎತ್ತರ ಅಳೆದು ಕೀಂ ಎನ್ನುವ ಯಂತ್ರ ಬಂದಿದೆ. ಶಿವನಂಜು ನಿವೃತ್ತನಾಗುವ ಮುಂಚೆ ನನ್ನನ್ನು ಗುಜರಿಗೆ ಬಿಡದೆ, ಇಂಥ ಮಕ್ಕಳಿಗಾಗಿ ಕಟ್ಟಿಸಿದ ವಿಶ್ರಾಂತಿ ಕೋಣೆಯ ಗೋಡೆಗೆ, ನೆಲಕ್ಕೆ ತಾಗಿಸಿ, ಅಡ್ಡಡ್ಡಲಾಗಿ ಮೊಳೆ ಹೊಡೆಸಿ ಹೋದ. ಗದ್ದಲಕ್ಕೆ ಬೆದರಿದ ಮಕ್ಕಳು ಇಲ್ಲಿ ಬಂದು ಮಲಗುತ್ತಾರೆ, ನನ್ನ ಕಾಡಿಗೆ ಸವರುತ್ತಾರೆ. ನನಗೆ ಕೊರತೆಯಿಲ್ಲ.

ಒಂದೇ ಒಂದು ಕುತೂಹಲ ಉಳಿದಿದೆ. ಬಾಗಿಲು ತೆರೆದಾಗಲೆಲ್ಲ ನೋಡುತ್ತೇನೆ. ಆ ಎರಡು ಜಡೆಯ ಹುಡುಗಿ ಈಗ ಎಷ್ಟು ದೊಡ್ಡವಳಾಗಿದ್ದಾಳೋ, ಎಂದಾದರೂ ಈ ಕಡೆ ಬರುತ್ತಾಳೋ. ಬಂದರೆ, ಸಾಬರು ಕೊಡದ ಮಾತಾಡುವ ಬಾಯಿಯನ್ನು ಎಲ್ಲಿಂದಾದರೂ ತಂದುಕೊಂಡು ಅವಳಿಗೆ ಒಂದು ಮಾತು ಹೇಳಬೇಕು: ನೀನು ಕುಗ್ಗಿರಲಿಲ್ಲ ಕಣೇ ಮಗಳೇ, ನಾನೇ ಕಟ್ಟೆ ಹತ್ತಿ ನಿಂತಿದ್ದೆ.