ಮುನಿಗಂಗಮ್ಮನ ಬಾಣಲೆ

ಹೆಣದ ಕೈಯ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಲು ಆಂಜಿನಮ್ಮ ಮೂರು ಸಲ ದಾರ ಸುತ್ತಿದಳು. ಮೂರು ಸಲವೂ ಜಾರಿತು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಬೆಂದ ಬೆರಳುಗಳು. ಚರ್ಮ ನುಣುಪಾಗಿ ಉಗುರು ಸವೆದು ಗಂಟು ನಿಲ್ಲಲು ಜಾಗವೇ ಇರಲಿಲ್ಲ.

“ಸತ್ತ ಮೇಲೂ ಈಯಮ್ಮ ಕೈ ಕಟ್ಟಿಸ್ಕೊಳ್ಳಲ್ಲ ಕಣೇ,” ಎಂದಳು ವೆಂಕಟರತ್ನಮ್ಮ. ಅಳುತ್ತಿದ್ದವರಲ್ಲಿ ಇಬ್ಬರು ನಕ್ಕುಬಿಟ್ಟರು.

ಶಿಡ್ಲಘಟ್ಟದಲ್ಲಿ ಕೋನಪ್ಪನ ರೇಷ್ಮೆ ಕೊಟ್ಟಿಗೆ. ಅಲ್ಲಿ ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ಹನ್ನೆರಡು ಜನ, ಒಬ್ಬೊಬ್ಬರಿಗೆ ಒಂದೊಂದು ಬಾಣಲೆ. ಹನ್ನೊಂದು ಜನ ಆವತ್ತು ಕೆಲಸ ಬಿಟ್ಟು ಬಂದು ಅಂಗಳದಲ್ಲಿ ಕೂತಿದ್ದರು. ಹನ್ನೆರಡನೆಯವಳಾದ ಮುನಿಗಂಗಮ್ಮ ಚಾಪೆಯ ಮೇಲಿದ್ದಳು. ಅವಳ ಗಂಡ ರಾಮಾಂಜಿನಪ್ಪ ಗೋಡೆಗೆ ಒರಗಿದ್ದ. ಬಾವಿ ತೋಡುವಾಗ ಕಲ್ಲು ಕುಸಿದು ಬಿದ್ದು ಅವನ ಎರಡು ಕಾಲೂ ಹೋಗಿ ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೆಳಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ.

ಕೊಟ್ಟಿಗೆಯ ಮೇಸ್ತ್ರಿ ಮುನಿಶಾಮಿ ಬಂದ. ಹೆಣಕ್ಕೆ ಹಾರ ಹಾಕಿ ಕೈ ಮುಗಿದ. ಆಮೇಲೆ ತಲೆ ಕೆರೆದುಕೊಂಡ.

“ಸಾವ್ಕಾರ್ರು ಹೇಳ್ಕಳಿಸವ್ರೆ. ಆಯಮ್ಮನ ಬಾಣಲೆಗೆ ನಾಳೆಯಿಂದ ಬೇರೆ ಆಳಂತೆ. ಚಿಂತಾಮಣಿ ಕಡೆಯೋಳು.”

“ಹೆಣ ಇನ್ನೂ ಎತ್ತಿಲ್ಲ ಕಣಯ್ಯ,” ಎಂದಳು ಆಂಜಿನಮ್ಮ.

“ನಾನೇನಮ್ಮ ಮಾಡ್ಲಿ. ಹೇಳು ಅಂದ್ರು, ಹೇಳ್ದೆ.”

“ಹೇಳಿದ್ದಾಯ್ತಲ್ಲ, ಹೋಗಿ ಬಿದಿರು ಸೀಳು. ಚಟ್ಟ ಕಟ್ಟೋಕೆ ಆಳಿಲ್ಲ.”

ಮುನಿಶಾಮಿ ಹೋಗಿ ಬಿದಿರು ಸೀಳಿದ.

ಆ ಬಾಣಲೆ ಹೋದರೆ ರಾಮಾಂಜಿನಪ್ಪನ ಊಟ ಹೋಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಕಳವಾರದಿಂದ ಬಂದಿದ್ದ ಅವನ ತಮ್ಮ ಎರ್ರಪ್ಪ ನೆಲ ನೋಡುತ್ತಾ ಹೇಳಿದ: “ಅಣ್ಣನ್ನ ನಾನು ಕರ್ಕೊಂಡೋಗ್ತೀನಿ. ದನ ಕಟ್ಟೋ ಕಡೆ ಒಂದು ಮೂಲೆ ಐತೆ.” ಅವನ ಹೆಂಡತಿ ಸೆರಗು ಸರಿಮಾಡಿಕೊಂಡಳು.

*

ಅದಕ್ಕೂ ಕೆಲವು ವರ್ಷ ಹಿಂದೆ, ಐವತ್ಮೂರನೇ ಇಸವಿ. ಕೋನಪ್ಪನನ್ನು ನೋಡಲು ವಿಮೆಯ ಏಜೆಂಟನೊಬ್ಬ ಸೈಕಲ್ಲಿನಲ್ಲಿ ಬಂದಿದ್ದ. ಅವನು ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡ ಮುನಿಗಂಗಮ್ಮ ಬಾಣಲೆಯ ಹತ್ತಿರದಿಂದಲೇ ಕೇಳಿದಳು.

“ಕೈ ಬೆಂದ್ರೆ ಕೊಡ್ತೀರಾ ಸ್ವಾಮಿ?”

“ಇಲ್ಲಮ್ಮ. ಇದು ಸತ್ರೆ ಬರೋದು.”

“ಸತ್ತೋರಿಗೇನು ಖರ್ಚು? ಬದುಕಿದ್ದು ಕೈ ಆಡ್ದೆ ಹೋದ್ರಲ್ವಾ ಕಷ್ಟ?”

ಏಜೆಂಟ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. “ಕೂಲಿಯೋರಿಗೆ ಅಂಥದ್ದು ನನ್ ಹತ್ರ ಇಲ್ಲಮ್ಮ. ಆದ್ರೆ ಎಲ್ಲಾ ವಿಮೇನೂ ಒಂದೇ. ಚೆನ್ನಾಗಿರೋವಾಗ ಎಲ್ರೂ ಕೊಡ್ಬೇಕು, ಕೆಟ್ಟೋರು ಮಾತ್ರ ತಗೋಬೇಕು.”

ಆ ಮಾತು ಅವಳ ತಲೆಯಲ್ಲಿ ಕೂತಿತು. ಗಂಡ ಬಿದ್ದಾಗ ನಡೆದದ್ದನ್ನು ಅವಳು ಮರೆತಿರಲಿಲ್ಲ. ಮೊದಲ ವಾರ ಜನ ಮುದ್ದೆ ತಂದುಕೊಟ್ಟರು. ಎರಡನೇ ವಾರ ಹೇಗಿದ್ದಾನೆಂದು ಕೇಳಿದರು. ಮೂರನೇ ವಾರ ಬೇರೆ ಬೀದಿಯಲ್ಲಿ ನಡೆದರು. ಅವರನ್ನು ಅವಳು ಬೈಯಲಿಲ್ಲ. ಕನಿಕರದ ಮೇಲೆ ಸಂಸಾರ ಮಾಡಲಾಗುವುದಿಲ್ಲ ಎಂದಷ್ಟೇ ತಿಳಿದುಕೊಂಡಳು.

ಗಂಡನ ಊರು ಕಳವಾರದ ಹೊಲಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದನ್ನೇ ಅವಳು ಬಾಣಲೆಗೆ ತಂದಳು. ಬಿಸಿನೀರಿಗೆ ಬೆರಳ ಸಂದಿ ಹುಣ್ಣಾಗಿ ಯಾರಾದರೂ ಮನೆಯಲ್ಲಿ ಕೂತರೆ, ಉಳಿದವರೆಲ್ಲ ಸರದಿಯ ಮೇಲೆ ಒಂದೊಂದು ಗಂಟೆ ಅವಳ ಬಾಣಲೆಗೆ ಕೂರಬೇಕು. ಕೂಲಿ ಅವಳ ಮನೆಗೆ. ಆಳು ಹುಡುಕುವ ತಾಪತ್ರಯ ತಪ್ಪಿತೆಂದು ಕೋನಪ್ಪನೂ ಒಪ್ಪಿದ. ಹೆಂಗಸರು ಇದನ್ನು ಕೈಮುಯ್ಯಿ ಎಂದರು.

ವೆಂಕಟರತ್ನಮ್ಮ ಒಬ್ಬಳೇ ಸೇರಲಿಲ್ಲ. “ನನ್ ಕೈ ಕಲ್ಲಿದ್ದಂಗೈತೆ. ಕಂಡೋರ ಹುಣ್ಣಿಗೆ ನಾನ್ಯಾಕೆ ಕೂರ್ಲಿ?”

ನಾಲ್ಕು ತಿಂಗಳಿಗೆ ಅವಳ ಕೈಯೂ ಬಾತಿತು. “ನನ್ನೂ ಸೇರಿಸ್ಕೊಳಕ್ಕ,” ಎಂದು ಬಂದಳು.

“ಸೇರಿಸ್ಕೋತೀನಿ. ಕೈ ವಾಸಿ ಮಾಡ್ಕೊಂಡು ಬಂದು ಮೂರು ತಿಂಗ್ಳು ಬೇರೆಯೋರಿಗೆ ಕೂರು. ಆಮೇಲೆ ನಿನಗೆ.”

“ಅಲ್ಲೀವರ್ಗೂ ನನ್ ಮಕ್ಳು ಮಣ್ಣು ತಿನ್ಲಾ?”

“ಅದು ಕೈ ಚೆನ್ನಾಗಿದ್ದಾಗ ಕೇಳ್ಬೇಕಿದ್ದ ಮಾತು ಕಣಮ್ಮ.”

ಸಂಜೆ ಮುನಿಗಂಗಮ್ಮ ತನ್ನ ಮನೆಯ ರಾಗಿ ಹಿಟ್ಟು ಕೊಂಡೊಯ್ದು ಅವಳ ಹೊಸಿಲ ಮೇಲಿಟ್ಟು ಬಂದಳು. ಕಟ್ಟಳೆ ಮಾತ್ರ ಮುರಿಯಲಿಲ್ಲ. ವೆಂಕಟರತ್ನಮ್ಮ ಒಂದು ತಿಂಗಳು ಅವಳಿಗೆ ಶಾಪ ಹಾಕಿದಳು, ಮೂರು ತಿಂಗಳು ಹಲ್ಲು ಕಚ್ಚಿ ಕೂತಳು. ಆಮೇಲೆ ಕೈಮುಯ್ಯಿಯ ಕಟ್ಟಳೆಗೆ ಅವಳಷ್ಟು ನಿಂತವರು ಬೇರೆ ಯಾರೂ ಇರಲಿಲ್ಲ.

*

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇಲ್ಲ. ಕೆರೆ ಏರಿಯವರೆಗೆ ಬಂದು ನಿಂತರು. ಚಟ್ಟ ಮುಂದೆ ಹೋಯಿತು. ಅದರ ಹಿಂದೆ ಎರ್ರಪ್ಪ ಅಣ್ಣನನ್ನು ಬೆನ್ನ ಮೇಲೆ ಹೊತ್ತು ನಡೆದ. ಹನ್ನೊಂದು ಜನ ಕೆರೆಯಲ್ಲಿ ಮುಳುಗಿ ಎದ್ದರು.

“ಆಯಮ್ಮನ ಬಾಣಲೆಗೆ ನಾವು ಕೂರಾಣ,” ಎಂದಳು ಆಂಜಿನಮ್ಮ.

“ಕೈ ಕೆಟ್ರೆ ಮುಯ್ಯಿ ಅಂತ ಮಾತು,” ಎಂದಳು ಮುನಿಶಾಮಮ್ಮ. ಅವರಲ್ಲಿ ಅವಳೇ ಹಿರಿಯಳು. “ಸತ್ರೆ ಅಂತ ಮಾತಿಲ್ಲ. ಕೆಟ್ಟ ಮನಸ್ಸಿಂದ ಹೇಳ್ತಿಲ್ಲಮ್ಮ. ನಾಳೆ ಎಲ್ರೂ ಕೇಳ್ತಾರೆ.”

ಎಲ್ಲರೂ ವೆಂಕಟರತ್ನಮ್ಮನ ಮುಖ ನೋಡಿದರು. ಅವಳೂ ಅದನ್ನೇ ಹೇಳುತ್ತಾಳೆಂದು ಅವರಿಗೆ ಖಾತ್ರಿಯಿತ್ತು. ಅವಳು ಸೆರಗು ಹಿಂಡಿದಳು.

“ನನ್ ಕೈ ಹುಣ್ಣಾದಾಗ ಉಪಾಸ ಇದ್ದಿದ್ದು ನನ್ ಕೈಯೇನೇ? ನನ್ ಮಕ್ಳು. ಮುಯ್ಯಿ ಕೈಗಲ್ಲ, ಮನೆಗೆ. ಆ ಮನೇಲಿ ಇನ್ನೊಬ್ರು ಅವ್ರೆ.”

“ಎಷ್ಟು ದಿನ? ಆಯಪ್ಪ ಸಾಯೋವರ್ಗೂನಾ?”

“ಮೂರು ತಿಂಗ್ಳು. ಆಮೇಲೆ ಆಯಪ್ಪನೇ ಕೂರ್ಲಿ.”

“ಕಾಲಿಲ್ದೋನು?”

“ಕೂರೋದಕ್ಕೆ ಕಾಲ್ಯಾಕೆ?”

ಆಗ ಮುನಿಗಂಗಮ್ಮನ ಪಕ್ಕದ ಮನೆಯವಳೇ ಆದ ಆಂಜಿನಮ್ಮ ತಾನು ನೋಡಿದ್ದನ್ನು ಬಾಯಿಬಿಟ್ಟಳು.

*

ಹಿಂದಿನ ವರ್ಷ ಮುನಿಗಂಗಮ್ಮನಿಗೆ ಎದೆಯಲ್ಲಿ ಕೆಮ್ಮು ಕೂತಿತ್ತು. ಅದು ಹೋಗುವ ಕೆಮ್ಮಲ್ಲವೆಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ ದಿನದಿಂದ ಅವಳು ಮನೆಗೆ ಜೋಡಿಗೂಡು ತರತೊಡಗಿದಳು. ಎರಡು ಹುಳು ಸೇರಿ ಕಟ್ಟಿದ ಗೂಡು, ಎಳೆ ಸಿಕ್ಕು. ಕೋನಪ್ಪ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದ. ತಪ್ಪಲೆಯಲ್ಲಿ ನೀರು ಕಾಯಿಸಿ ಗೂಡು ಹಾಕಿ ಗಂಡನ ಮುಂದಿಟ್ಟಳು.

“ಎಳೆ ಹುಡುಕು.”

“ಹೆಂಗಸ್ರ ಕೆಲಸ ನನಗ್ಯಾಕೆ?”

“ನಿನ್ ಕಾಲು ಬಾವಿಗೋಯ್ತು. ಕೈ ಎಲ್ಲಿಗೋಯ್ತು?”

ಅವನು ತಪ್ಪಲೆ ಎತ್ತಿ ಎಸೆದ. ಅವಳು ಗೂಡು ಆರಿಸಿಕೊಂಡು ಮತ್ತೆ ನೀರಿಟ್ಟಳು. ನಾಲ್ಕು ತಪ್ಪಲೆ ನೆಗ್ಗಿದವು. ಐದನೆಯದನ್ನು ಅವನು ಎಸೆಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಿಕ್ಕುಗೂಡಿನಲ್ಲೂ ಅವನ ಬೆರಳಿಗೆ ಎಳೆಯ ತುದಿ ಸಿಗುತ್ತಿತ್ತು. ಆದರೆ ನೀರು ಉಗುರುಬೆಚ್ಚಗಿರಬೇಕು. ಕುದಿಯುವ ನೀರಿಗೆ ಕೈ ಇಟ್ಟರೆ ಕಿರುಚಿ ಎಳೆದುಕೊಳ್ಳುತ್ತಿದ್ದ. “ನಾಳೆ,” ಎನ್ನುತ್ತಿದ್ದಳು ಅವಳು. ಆ ನಾಳೆ ಬರುವ ಮೊದಲೇ ಉಸಿರು ಸಿಕ್ಕಿಕೊಂಡು ಸತ್ತಳು.

*

ಒದ್ದೆ ಸೀರೆಯಲ್ಲೇ ಹನ್ನೊಂದು ಜನ ಕೊಟ್ಟಿಗೆಯ ಬಾಗಿಲಿಗೆ ಬಂದರು. ಕೋನಪ್ಪ ಗೂಡಿನ ಬುಟ್ಟಿಗಳ ನಡುವೆ ಅತ್ತಿಂದಿತ್ತ ತಿರುಗುತ್ತಿದ್ದ.

“ಬಂದ್ರಾ, ಕೂರ್ರಮ್ಮ. ನಾಳೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ್ರೆ ಇಷ್ಟು ಗೂಡೂ ಕಸ.”

“ಕೂರ್ತೀವಿ ಸಾವ್ಕಾರ್ರೇ,” ಎಂದಳು ವೆಂಕಟರತ್ನಮ್ಮ. “ಹನ್ನೆರಡು ಬಾಣಲೆಗೂ. ಮುನಿಗಂಗಮ್ಮನ ಒಲೆ ಮೊದ್ಲು ಹಚ್ಸಿ.”

“ಸತ್ತೋರಿಗೆ ಕೂಲಿ ಕೊಡೋಕೆ ಇದೇನು ಛತ್ರನಾ?”

“ರಾಮಾಂಜಿನಪ್ಪ ಅಂತ ಹೆಸರು ಬರ್ಕೊಳಿ. ಆಯಪ್ಪನ ಕೈ ಪಳಗೋವರ್ಗೂ ಮೂರು ತಿಂಗ್ಳು ನಾವು ಕೂರ್ತೀವಿ. ಆಗಲ್ಲ ಅಂದ್ರೆ ಚಿಂತಾಮಣಿಯೋಳ್ನ ಕರ್ಸಿ, ಹನ್ನೆರಡು ಬಾಣಲೆಗೂ ಅವಳೇ ಕೂರ್ಲಿ.”

ಕೋನಪ್ಪ ಬುಟ್ಟಿಗಳ ಕಡೆ ನೋಡಿದ. ಕೋಪದಿಂದ ಕಿವಿ ಕೆಂಪಾಯಿತು. ಅಷ್ಟರಲ್ಲಿ ಮಣ್ಣು ಮುಗಿಸಿ ಮಿಂದ ಗಂಡಸರು ಅದೇ ದಾರಿಯಲ್ಲಿ ಬಂದರು. ಎರ್ರಪ್ಪನ ಬೆನ್ನ ಮೇಲಿದ್ದವನನ್ನು ಕೋನಪ್ಪ ಬೆರಳು ಮಾಡಿ ತೋರಿಸಿದ.

“ಇವನು ಬಿಸಿನೀರು ತಡೀತಾನಾ? ನನ್ ಕಣ್ಮುಂದೆ ಒಂದು ಎಳೆ ಎತ್ತಲಿ. ಎತ್ತಿದ್ರೆ ಬಾಣಲೆ ಇವನ್ದೇ. ಎತ್ಲಿಲ್ಲ ಅಂದ್ರೆ ನೀವು ಬಾಯಿ ಮುಚ್ಕೊಂಡು ಕೂರ್ಬೇಕು.”

“ಸೂತಕ ಸಾವ್ಕಾರ್ರೇ,” ಎಂದ ಎರ್ರಪ್ಪ. “ಇವತ್ತೇನಾ?”

“ಎರ್ರ, ನನ್ನ ಒಲೆ ಹತ್ರ ಇಳ್ಸು,” ಎಂದ ರಾಮಾಂಜಿನಪ್ಪ. ಆ ದಿನ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಮುನಿಶಾಮಿ ಒಲೆ ಹಚ್ಚಿದ. ಯಾರೂ ಕೇಳದಿದ್ದರೂ ಮುನಿಗಂಗಮ್ಮ ಕೂರುತ್ತಿದ್ದ ಮಣೆಯನ್ನು ತಂದು ಕೊಟ್ಟ. ನೀರು ಕುದಿಯಿತು. ಗೂಡುಗಳು ಒಂದಕ್ಕೊಂದು ತಾಗುತ್ತಾ ಕುಣಿದವು. ವೆಂಕಟರತ್ನಮ್ಮ ರಾಟೆಯ ಹಿಡಿ ಹಿಡಿದು ನಿಂತಳು.

ರಾಮಾಂಜಿನಪ್ಪ ಕೈ ಇಳಿಸಿದ. ಕತ್ತಿನ ನರ ಉಬ್ಬಿತು. ಬಾಯಿಂದ ಬೈಗುಳ ಹೊರಟಿತು. ಬಾವಿಯನ್ನು ಬೈದ, ಕಲ್ಲನ್ನು ಬೈದ, ಕೋನಪ್ಪನನ್ನು ಅವನ ಎದುರಿಗೇ ಬೈದ. ಕೈ ಮಾತ್ರ ಹೊರಗೆ ಬರಲಿಲ್ಲ. ಆಂಜಿನಮ್ಮ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ತೆರೆದಾಗ ಅವನ ಎರಡು ಬೆರಳ ನಡುವೆ ಹಳದಿ ಎಳೆಯೊಂದು ಮೇಲೇಳುತ್ತಿತ್ತು. ಕೂದಲಿಗಿಂತ ತೆಳುವಾದ ಎಳೆ.

ಅದನ್ನು ರಾಟೆಗೆ ಕೊಟ್ಟರು. ವೆಂಕಟರತ್ನಮ್ಮ ತಿರುವಿದಳು.

“ಮೆಲ್ಲಗೆ ತಿರುವಮ್ಮ, ಕಡೀತದೆ,” ಎಂದು ಅವನು ಗದರಿದ.

ಕೋನಪ್ಪ ಬುಟ್ಟಿಯಿಂದ ಒಂದು ಬೊಗಸೆ ಗೂಡು ತಂದು ಆ ಬಾಣಲೆಗೆ ಸುರಿದು ಹೋದ. ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಹೋದರು. ಒಂದೊಂದೇ ಒಲೆ ಹತ್ತಿಕೊಂಡಿತು. ಒದ್ದೆ ಸೀರೆಗಳಿಂದ ಹಬೆ ಎದ್ದಿತು. ಹನ್ನೊಂದನೆಯ ಒಲೆ ಹತ್ತುವ ಹೊತ್ತಿಗೆ ರಾಮಾಂಜಿನಪ್ಪನ ಕೈ ಮಣಿಕಟ್ಟಿನವರೆಗೂ ಕೆಂಪಾಗಿತ್ತು. ಅದು ಇನ್ನೂ ನೀರಿನೊಳಗೇ ಇತ್ತು, ಎರಡನೇ ಎಳೆ ಹುಡುಕುತ್ತಾ.