ಕೈಗುಣ

ಬಿದಿರಿನ ಗೊಟ್ಟವನ್ನು ಮೋತಿಯ ಹಲ್ಲುಗಳ ನಡುವೆ ತೂರಿಸಲು ಸಾಬಮ್ಮ ಮೂರನೆಯ ಸಲ ನೋಡಿದಳು. ದವಡೆ ಬಿಗಿದು ಕೂತಿತ್ತು. ಉಪ್ಪುನೀರು ನಾಯಿಯ ಗಂಟಲಿಗೆ ಹೋಗದೆ ಅಂಗಳದ ಮಣ್ಣಿಗೆ ಹೋಯಿತು. ಬಾಯಿಂದ ಜೊಲ್ಲು ನೊರೆನೊರೆಯಾಗಿ ಇಳಿಯುತ್ತಿತ್ತು. ಮೈತುಂಬ ನಡುಕ. ನಾಲ್ಕೂ ಕಾಲು ಮಲಗಿದಲ್ಲೇ ಓಡುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ರೊಟ್ಟಿ ತಿಂದ ನಾಯಿ ಹತ್ತು ಹೊಡೆಯುವಷ್ಟರಲ್ಲಿ ಹೀಗಾಗಿತ್ತು.

ಐನಾಪುರದಲ್ಲಿ ಒಬ್ಬರ ಅಂಗಳದಲ್ಲಿ ಏನಾದರೂ ಆದರೆ ಸಾಕು, ಗೋಡೆಗೆ ತಲೆಗಳು ಮೊಳೆಯುತ್ತವೆ. ಆಗಲೇ ಏಳೆಂಟು ಮೊಳೆತಿದ್ದವು. ಎದುರುಮನೆಯ ಭಾಗಣ್ಣ ಮಾತ್ರ ಒಳಗೇ ಬಂದಿದ್ದ, ಕೈಯಲ್ಲಿ ಕೋಲು. ಕೆಟ್ಟವನಲ್ಲ, ಹೆದರಿದವನು. ಹೋದ ವರ್ಷ ಅವನ ಎಮ್ಮೆ ಹುಚ್ಚುನಾಯಿ ಕಡಿದು ಸತ್ತಿತ್ತು.

"ಸಾಬಮ್ಮ, ಇದು ಹುಚ್ಚೇ ಅದ. ನೊರಿ ನೋಡು ಹ್ಯಾಂಗ ಬರ್ಲಿಕತ್ತದ. ಮನ್ಯಾಗ ಕೂಸದ. ಸರಿ ಅತ್ತಾಗ, ಒಂದೇ ಏಟಿಗಿ ಮುಗಸ್ತೀನಿ. ಅದಕ್ಕೂ ತ್ರಾಸ ತಪ್ಪಲಿ."

"ಹುಚ್ಚಲ್ಲೋ."

"ಮತ್ತೇನು? ನೀನೇ ಹೇಳು. ಊರ ದನಕ್ಕೆಲ್ಲ ಔಷಧ ಕೊಡಾಕಿ ನೀನು."

ಸಾಬಮ್ಮ ಗೊಟ್ಟವನ್ನು ಬದಿಗಿಟ್ಟಳು. ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರೊಟ್ಟಿ ತಿಂದು ಮುಗಿಸಿದ ನಾಯಿಯನ್ನು ಕರೆದು ನಿಲ್ಲಿಸಿಕೊಂಡು, ತನ್ನ ಕೈಯಾರೆ ಔಷಧ ಹಚ್ಚಿ ತಿಕ್ಕಿದ್ದು ಅವಳೇ.

ಸಾಬಮ್ಮನ ಕೈಗುಣ ಸುತ್ತಲಿನ ನಾಲ್ಕು ಊರಿಗೆ ಗೊತ್ತು. ಹೊಟ್ಟೆ ಉಬ್ಬರ, ಕೆಚ್ಚಲು ಬಾವು, ಕಜ್ಜಿ, ಉಣ್ಣಿ, ಯಾವುದಕ್ಕೂ ಮೊದಲು ಅವಳು, ಆಮೇಲೆ ದವಾಖಾನೆ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ ಇಟ್ಟರೆ ಆಯಿತು. ಯಾರ ಮನೆಗೆ ಹೊರಟರೂ ಮೋತಿ ಮುಂದೆ, ಅವಳು ಹಿಂದೆ. ಓಣಿಯ ತಿರುವಿನಲ್ಲಿ ನಾಯಿ ಕಂಡಿತೆಂದರೆ ಜನ ಕರುವನ್ನು ಹಿಡಿದು ಕಟ್ಟಲು ಓಡುತ್ತಿದ್ದರು. ಏಳು ವರ್ಷದ ಜೊತೆ. ಗಂಡ ತೀರಿಕೊಂಡು, ಮಗ ಅಯ್ಯಪ್ಪ ವಾಡಿಯಲ್ಲಿ ಕೆಲಸಕ್ಕೆ ನಿಂತ ಮೇಲೆ ಅವಳ ಮಾತನ್ನು ಪೂರ್ತಿ ಕೇಳುತ್ತಿದ್ದುದು ಆ ನಾಯಿಯೊಂದೇ. ಸೊಸೆ ಸುಶ್ಮಿತಾಳೂ ಕೇಳುತ್ತಾಳೆ, ಆದರೆ ಮೊಬೈಲು ಬಿಡುವು ಕೊಟ್ಟಾಗ.

ಈ ವಿದ್ಯೆ ಅತ್ತೆಯಿಂದ ಬಂದದ್ದು. ವಿದ್ಯೆಯ ಜೊತೆ ಒಂದು ಕಟ್ಟೂ ಬಂದಿತ್ತು. ಔಷಧದ ಹೆಸರು ಬಾಯಲ್ಲಿ ಬರಬಾರದು, ಬಂದರೆ ಗುಣ ಕೈಬಿಟ್ಟು ಹೋಗುತ್ತದೆ. ಮೂವತ್ತು ವರ್ಷದಿಂದ ಸಾಬಮ್ಮ ಗಂಡನಿಗೂ ಹೇಳಿದವಳಲ್ಲ. ಈಚೆಗಂತೂ ಈ ಕಟ್ಟು ಅವಳಿಗೆ ಬಹಳ ಅನುಕೂಲವಾಗಿತ್ತು. ಉಣ್ಣಿಗೆ ಅತ್ತೆ ಕಲಿಸಿದ್ದು ಸೀತಾಫಲದ ಬೀಜದ ಔಷಧ. ಬೀಜ ಒಣಗಿಸಬೇಕು, ಕುಟ್ಟಬೇಕು, ಬೇವಿನೆಣ್ಣೆಯಲ್ಲಿ ನೆನೆಹಾಕಬೇಕು, ಹಚ್ಚಿದ ಮೇಲೆ ಎಂಟು ದಿನ ಕಾಯಬೇಕು. ಈಗ ಎಂಟು ದಿನ ಕಾಯುವವರು ಯಾರಿದ್ದಾರೆ? ಎರಡು ವರ್ಷದ ಹಿಂದೆ, ತೊಗರಿಯ ಹುಳಕ್ಕೆಂದು ತಂದ ಔಷಧ ಡಬ್ಬಿಯ ತಳದಲ್ಲಿ ಉಳಿದಿತ್ತು. ಅದನ್ನೇ ನಾಲ್ಕು ಹನಿ ಬೇವಿನೆಣ್ಣೆಗೆ ಬೆರೆಸಿ ಒಂದು ಎತ್ತಿಗೆ ಹಚ್ಚಿದಳು. ಸಂಜೆಯೊಳಗೆ ಉಣ್ಣಿಗಳೆಲ್ಲ ಉದುರಿದವು. ಊರು ಅದನ್ನು ಕೈಗುಣ ಎಂದಿತು. ಅವಳು ಸುಮ್ಮನಿದ್ದಳು. ಮರುವರ್ಷ ಸೀತಾಫಲದ ಬೀಜ ಆರಿಸುವುದನ್ನೇ ಬಿಟ್ಟಳು.

ನಿನ್ನೆ ಮೊಮ್ಮಗನ ಕಿವಿಯ ಹಿಂದೆ ಒಂದು ಉಣ್ಣಿ ಕಚ್ಚಿಕೊಂಡಿತ್ತು. ಸುಶ್ಮಿತಾ ಅದನ್ನು ಕಿತ್ತು ಒರೆಸಿ, "ನಾಯಿ ಹೊರಗ ಹಾಕ್ರಿ ಅತ್ತಿ, ಇಲ್ಲಂದ್ರ ನಾ ಕೂಸಿನ ಕರ್ಕೊಂಡು ಕೊಡ್ಲಿಗಿ ಹೋಗ್ತೀನಿ" ಎಂದಿದ್ದಳು. ಕೊಡ್ಲಿ ಅವಳ ತವರು. ಹಾಗಾಗಿ ಇವತ್ತು ನಾಲ್ಕು ಹನಿಯಲ್ಲ, ಹೊಸ ಡಬ್ಬಿಯಿಂದ ಎರಡು ಮುಚ್ಚಳ. ಒಂದೂ ಉಳಿಯಬಾರದೆಂದು ಕಿವಿಯೊಳಗೆ, ಬೆರಳ ಸಂದಿಗೆ, ಬಾಲದ ಬುಡಕ್ಕೆ, ಕೆರೆದು ಗಾಯವಾದ ಕಡೆಗೂ ತಿಕ್ಕಿದಳು. ಮೋತಿ ಕಣ್ಣು ಮುಚ್ಚಿ ನಿಂತಿತ್ತು. ಆ ಕೈಯೆಂದರೆ ಅದಕ್ಕೆ ಅಷ್ಟು ನಂಬಿಕೆ. ಬಿಟ್ಟ ಕೂಡಲೇ ಬಿಸಿಲಿಗೆ ಹೋಗಿ ಕೂತು ಮೈಯೆಲ್ಲ ನೆಕ್ಕಿಕೊಂಡಿತು.

"ಯಾರೋ ವಿಷ ಹಾಕ್ಯಾರ," ಎಂದಳು ಸಾಬಮ್ಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು. "ಮುದಸ್ಸಿರಗ ಕರೀರಿ. ಆಟೋ ತರಲಿ."

ಮುದಸ್ಸಿರ್ ಆಟೋ ತಂದ. ಅವನ ಮೇಕೆಯ ಮುರಿದ ಕಾಲು ಕೂಡಿಸಿದ್ದು ಸಾಬಮ್ಮನೇ, ಹಾಗಾಗಿ ಇಲ್ಲವೆನ್ನಲಿಲ್ಲ. ಆದರೆ ನೊರೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಸಾಬಮ್ಮ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ತಾನೇ ಎತ್ತಿಕೊಂಡು ಹತ್ತಿದಳು. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಸುಶ್ಮಿತಾ ಅಳುತ್ತಿದ್ದಳು. "ನಾ ಸಿಟ್ಟಿಲೆ ಅಂದಿದ್ದೆ ಅತ್ತಿ," ಎಂದಳು.

ಚಿಮ್ಮನಚೋಡದ ದನದ ದವಾಖಾನೆಯಲ್ಲಿ ಡಾಕ್ಟರು ಇರಲಿಲ್ಲ. ಕಾಲುಬಾಯಿ ಬೇನೆಯ ಲಸಿಕೆಗೆಂದು ಆಚೆಗಿನ ತಾಂಡಾಕ್ಕೆ ಹೋಗಿದ್ದರು. ಕಾವಲಿಗಿದ್ದ ತಮ್ಮಣ್ಣ ದೂರದಿಂದಲೇ ನಾಯಿಯನ್ನು ನೋಡಿ, ಡಾಕ್ಟರಿಗೆ ಫೋನು ಹಚ್ಚಿ, ಎಲ್ಲ ವಿವರಿಸಿ, ಕಡೆಗೆ ಸಾಬಮ್ಮನತ್ತ ತಿರುಗಿದ.

"ಏನರ ತಿಂದದೇನು, ಮೈಗಿ ಏನರ ಹಚ್ಚೀರೇನು ಅಂತ ಕೇಳ್ಲಿಕತ್ತಾರ."

ಆಟೋದ ಪಕ್ಕದಲ್ಲೇ ಮುದಸ್ಸಿರ್ ನಿಂತಿದ್ದ. ಸಾಬಮ್ಮ ಗೋಣಿಯ ಅಂಚನ್ನು ಮೋತಿಯ ಮೈಮೇಲೆ ಎಳೆದಳು.

"ಏನೂ ಹಚ್ಚಿಲ್ಲ," ಎಂದಳು.

"ಹಂಗಾರ ಸೀದಾ ತಾಂಡಾಕ ನಡೀರಿ. ಜಲ್ದಿ ಹೋಗ್ರಿ, ಅದರ ಉಸಿರು ಸರಿ ಇಲ್ಲ."

ದಾರಿಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಅಲ್ಲಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುತ್ತಿದ್ದರು. ಎಲ್ಲರ ಮೂಗು ಬಾಯಿಗೂ ಟವೆಲ್ ಕಟ್ಟಿತ್ತು. ಗಾಳಿಯಲ್ಲಿ ಬರುತ್ತಿದ್ದ ವಾಸನೆಯೂ ಸೆರಗಿನಿಂದ ಬರುತ್ತಿದ್ದ ವಾಸನೆಯೂ ಒಂದೇ. ತೊಡೆಯ ಮೇಲಿದ್ದ ಮೋತಿಯ ಎದೆಯೊಳಗೆ ಗೊರಗೊರ ಸದ್ದು ಶುರುವಾಗಿತ್ತು, ನೀರೊಳಗೆ ಉಸಿರಾಡಿದ ಹಾಗೆ. "ಮೋತ್ಯಾ," ಎಂದಳು. ಕಿವಿ ಕೂಡ ಅಲುಗಲಿಲ್ಲ. ದೇವರೇ, ಹೇಳದೆ ಉಳಿಸು ಎಂದು ಬೇಡಿಕೊಂಡಳು. ಮನುಷ್ಯರು ಬೇಡುವುದು ಹೀಗೇ, ಪ್ರಾಣವೂ ಬೇಕು, ಮಾನವೂ ಬೇಕು.

ರಸ್ತೆಯ ಬದಿಯ ಒಂದು ಗುಡಿಸಲ ಮುಂದೆ ಕರು ಕಟ್ಟಿತ್ತು. ಅದು ಕಣ್ಣಿಗೆ ಬಿದ್ದದ್ದೇ ಸಾಬಮ್ಮನಿಗೆ ನೆನಪಾಯಿತು. ಭೀಮಾಶಂಕರ! ಸೋಮವಾರ ತಾನೇ ಊರಿನ ಭೀಮಾಶಂಕರ ಕರುವಿಗೆ ಉಣ್ಣಿಯಾಗಿದೆ ಎಂದು ಬಂದಿದ್ದ. ಹೊಸ ಡಬ್ಬಿ ಒಡೆದದ್ದೇ ಅವನಿಗಾಗಿ. ಸಣ್ಣ ಬಾಟಲಿಯಲ್ಲಿ ಬೆರೆಸಿ ಕೊಟ್ಟು, "ಗುರುವಾರ ಮುಂಜಾನಿ ಹಚ್ಚು" ಎಂದಿದ್ದಳು. ಇವತ್ತು ಗುರುವಾರ. ಇನ್ನೂ ಎರಡು ತಿಂಗಳು ತುಂಬದ ಕರು.

"ಮುದಸ್ಸಿರ್," ಎಂದಳು.

"ಹಾಂ ಅವ್ವಾ."

ಫೋನು ಹಚ್ಚು ಎನ್ನಬೇಕು. ಯಾಕೆ ಎಂದು ಕೇಳುತ್ತಾನೆ. "ಜಲ್ದಿ ಹೊಡಿಯಪ್ಪಾ," ಎಂದಷ್ಟೇ ಹೇಳಿದಳು.

ತಾಂಡಾದ ಬೇವಿನ ಮರದ ಕೆಳಗೆ ದನಗಳ ಸಾಲು ನಿಂತಿತ್ತು. ಡಾಕ್ಟರ್ ಅಬ್ರಾರ್ ಹರೆಯದ ಮನುಷ್ಯ, ಪ್ಯಾಂಟಿನ ಮೊಣಕಾಲವರೆಗೂ ಸಗಣಿ ಮೆತ್ತಿಕೊಂಡಿತ್ತು. ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ಓಡಿಬಂದು, ಗೋಣಿ ಬಿಡಿಸಿ, ಮೊಬೈಲಿನ ಬೆಳಕನ್ನು ನಾಯಿಯ ಕಣ್ಣಿಗೆ ಹಿಡಿದ. ಕಣ್ಣಿನ ಕಪ್ಪು ಸಾಸಿವೆಕಾಳಿನಷ್ಟೇ ಇತ್ತು. ಸುತ್ತ ನಿಂತವರಲ್ಲಿ ಒಬ್ಬಳು ಸಾಬಮ್ಮನ ಗುರುತು ಹಿಡಿದು ಕೈಮುಗಿದಳು. "ಐನಾಪುರದ ಸಾಬಮ್ಮಾರು. ನಮ್ಮ ಎತ್ತು ಉಳಿಸಿದ್ದು ಇವರೇ," ಎಂದು ಪಕ್ಕದವಳಿಗೆ ಹೇಳಿದಳು.

"ಹುಚ್ಚಲ್ಲ ಇದು," ಎಂದ ಡಾಕ್ಟರ್. "ಇದು ವಿಷ. ಯಾವ ವಿಷ ಅಂತ ಗೊತ್ತಾಗಬೇಕು. ಬೆಳಿಗಿ ಹೊಡಿಯೋ ಔಷಧ ಆಗಿದ್ರ ನನ್ನ ಹಂತ್ಯಾಕ ಇಂಜೆಕ್ಷನ್ ಅದ. ಆದ್ರ ಭಾಳ ಕೊಡಬೇಕಾಗ್ತದ. ವಿಷ ಬ್ಯಾರೆ ಇತ್ತಂದ್ರ ಅದೇ ಇಂಜೆಕ್ಷನ್ ಪ್ರಾಣ ತಗೋತದ. ಖರೆ ಹೇಳ್ರಿ ಅವ್ವಾ, ಏನಾಗ್ಯದ?"

ಸಾಬಮ್ಮ ಸೆರಗಿನಿಂದ ಮೋತಿಯ ಬಾಯಿಯ ನೊರೆ ಒರೆಸಿದಳು.

"ಅವ್ವಾ, ಹೊತ್ತಿಲ್ಲ."

ಮೋತಿಯ ನಾಲಗೆ ನೀಲಿಗಟ್ಟುತ್ತಿತ್ತು. ಕೈಮುಗಿದವಳ ಕೈ ಇನ್ನೂ ಮುಗಿದೇ ಇತ್ತು. ಸಾಬಮ್ಮನಿಗೆ ಅತ್ತೆ ನೆನಪಾದಳು. ಕೊನೆಯ ದಿನ ಹಾಸಿಗೆಯಲ್ಲಿ ಇವಳ ಎರಡೂ ಕೈ ಹಿಡಿದು, "ಬಾಯಿ ಕಟ್ಟಿಕೊಂಡಿದ್ರ ಕೈ ಉಳೀತದ" ಎಂದಿದ್ದಳು.

"ತೊಗರಿಗಿ ಹೊಡಿಯೋ ಔಷಧರಿ," ಎಂದಳು ಸಾಬಮ್ಮ. ದನಿ ತನಗೇ ಗೊತ್ತಿಲ್ಲದಷ್ಟು ದೊಡ್ಡದಾಗಿ ಬಂತು. "ಎರಡು ಮುಚ್ಚಳ. ಬೇವಿನೆಣ್ಣ್ಯಾಗ ಕಲಸಿ ಉಣ್ಣಿಗಂತ ನಾನೇ ಹಚ್ಚೀನಿ. ನಾನೇ. ಎರಡು ವರ್ಷದಿಂದ ಎಲ್ಲಾರ ದನಕ್ಕೂ ಅದನ್ನೇ ಕೊಟ್ಟೀನಿ. ನನ್ನ ಔಷಧ ಅಲ್ಲ ಅದು."

ಕೈಮುಗಿದವಳ ಕೈ ಕೆಳಗಿಳಿಯಿತು. ಮುದಸ್ಸಿರ್ ಅವಳನ್ನು ಒಮ್ಮೆ ನೋಡಿ, ಆಮೇಲೆ ಆಟೋದ ಚಕ್ರ ನೋಡುತ್ತ ನಿಂತ. ಡಾಕ್ಟರಿಗೆ ಮಾತ್ರ ಇದಾವುದಕ್ಕೂ ಪುರಸೊತ್ತಿರಲಿಲ್ಲ. ಪೆಟ್ಟಿಗೆ ತೆಗೆದು ಒಂದರ ಹಿಂದೆ ಒಂದು ಸಣ್ಣ ಸಣ್ಣ ಗಾಜಿನ ಶೀಶೆಗಳ ಕುತ್ತಿಗೆ ಮುರಿದ. ಮುಂಗಾಲ ನರಕ್ಕೆ ಚುಚ್ಚಿ, ಕಾದು, ಕಣ್ಣು ನೋಡಿ, ಮತ್ತೆ ಚುಚ್ಚಿದ.

"ಮೈ ತೊಳೀಬೇಕು. ಸಾಬೂನು ಹಚ್ಚಿ ನಾಕೈದು ಸಲ. ಬರಿಗೈಲೆ ಬ್ಯಾಡ್ರಿ, ನಿಮಗೂ ಏರ್ತದ." ಹಸುವಿನ ಗರ್ಭ ಪರೀಕ್ಷೆಗೆಂದು ಇಟ್ಟುಕೊಂಡಿದ್ದ, ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಕೊಟ್ಟ.

ತಾಂಡಾದವಳೊಬ್ಬಳು ಬಟ್ಟೆ ಸಾಬೂನು ತಂದು, ಕೈಗೆ ಕೊಡದೆ ಕಲ್ಲಿನ ಮೇಲಿಟ್ಟು ಹೋದಳು. ಬೋರಿನ ನಲ್ಲಿಯ ಕೆಳಗೆ ಸಾಬಮ್ಮ ತಿಕ್ಕಿದಳು, ಬೆಳಿಗ್ಗೆ ಹಚ್ಚಿದ ಎಲ್ಲ ಕಡೆಗೂ, ಅದೇ ಕ್ರಮದಲ್ಲಿ. ಪ್ಲಾಸ್ಟಿಕ್ಕಿನೊಳಗಿನ ಕೈಗೆ ಮೋತಿಯ ಕೂದಲು ತಾಗುತ್ತಿರಲಿಲ್ಲ, ಬಿಸಿಯೂ ತಾಗುತ್ತಿರಲಿಲ್ಲ. ಬದುಕಿದೆಯೋ ಇಲ್ಲವೋ ಎಂದು ಅವಳು ಮತ್ತೆ ಮತ್ತೆ ಹೊಟ್ಟೆ ನೋಡಬೇಕಾಯಿತು. ಆಗ ಅತ್ತಳು. ಅಳುತ್ತಲೇ, "ಮುದಸ್ಸಿರ್, ಭೀಮಾಶಂಕರಗ ಫೋನ್ ಹಚ್ಚೋ. ಕರುವಿಗಿ ಹಚ್ಚಬ್ಯಾಡ ಅಂತ ಹೇಳು. ಹಚ್ಚಿದ್ರ ತೊಳಿ ಅಂತ ಹೇಳು," ಎಂದಳು.

ಮುದಸ್ಸಿರ್ ನಾಲ್ಕು ಸಲ ಹಚ್ಚಿದ. ಎತ್ತುವವರಿರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಮೋತಿಯ ಜೊಲ್ಲು ನಿಂತಿತು. ಎದೆಯ ಗೊರಗೊರ ಇಳಿಯಿತು. ಡಾಕ್ಟರ್ ಮತ್ತೊಂದು ಸಲ ಬೆಳಕು ಹಿಡಿದು ನೋಡಿ, "ಕಣ್ಣಿನ ಕಪ್ಪು ಹಿಗ್ಗಲಿಕತ್ತದ. ಇವತ್ತಿನ ರಾತ್ರಿ ದಾಟಿದ್ರ ಉಳೀತದ. ಸಂಜಿಗಿ ನಾನೇ ಐನಾಪುರಕ್ಕ ಬಂದು ಇನ್ನೊಮ್ಮಿ ನೋಡ್ತೀನಿ," ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಸಾಬಮ್ಮನಿಗೆ ಅನ್ನಿಸಿತು.

ಊರಿಗೆ ಬಂದಾಗ ಮೂರು ದಾಟಿತ್ತು. "ಮನಿಗಿ ಬ್ಯಾಡ. ಮೊದಲ ಭೀಮಾಶಂಕರನ ಮನಿ," ಎಂದಳು. ಒದ್ದೆ ನಾಯಿಯನ್ನು ಆಟೋದಲ್ಲೇ ಬಿಟ್ಟು ಇಳಿದಳು. ಓಣಿಯ ತಿರುವಿನಿಂದ ಅವನ ಬಾಗಿಲವರೆಗೆ ಇಪ್ಪತ್ತು ಹೆಜ್ಜೆ. ಮುಂದೆ ಮೋತಿಯಿಲ್ಲದೆ ಅವಳು ಆ ದಾರಿ ನಡೆದದ್ದು ಏಳು ವರ್ಷದಲ್ಲಿ ಅದೇ ಮೊದಲು.

ಕರು ಗೂಟದ ಹತ್ತಿರ ನಿಂತಿತ್ತು. ಮೈ ಒಣಗಿತ್ತು. ಕಿವಿಯ ಹಿಂದೆ ಉಣ್ಣಿಗಳು ಹಾಗೇ ಗುಂಪುಗಟ್ಟಿದ್ದವು.

ಭೀಮಾಶಂಕರ ಆಗತಾನೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. "ಬಾ ಯಕ್ಕಾ, ನಿನ್ನೇ ಕಾಯ್ಲಿಕತ್ತೀನಿ," ಎಂದ. ಒಳಗೆ ಹೋಗಿ, ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮುಚ್ಚಳ ಕೂಡ ತೆಗೆದಿರಲಿಲ್ಲ. "ಹಚ್ಚು ಅಂದಿದ್ದಿ ಖರೆ. ನನ್ನ ಕೈಲೆ ಹಚ್ಚಿದ್ರ ಏನ್ ಗುಣ ಬರ್ತದ? ನೀನೇ ಹಚ್ಚಲಿ ಅಂತ ಹಂಗೇ ಇಟ್ಟೀನಿ."

ಸಾಬಮ್ಮ ಕಟ್ಟೆಯ ಮೇಲೆ ಕೂತಳು. ಆಮೇಲೆ ಬಾಟಲಿ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿ ಗಂಟು ಹಾಕಿದಳು.

"ಇದು ತೊಗರಿ ಔಷಧ ಭೀಮಾಶಂಕರ. ಹಚ್ಚಿದ್ರ ಕರು ಸಾಯ್ತಿತ್ತು."

ಅವನು ನಕ್ಕ. ಅವಳ ಮುಖ ನೋಡಿ ನಿಲ್ಲಿಸಿದ.

"ಹೋದ ವರ್ಷ ನಮ್ಮ ಆಕಳಿಗಿ ಕೊಟ್ಟಿದ್ದು?"

"ಅದೂ ಇದೇ."

ಭೀಮಾಶಂಕರ ಅವಳ ಕೈ ನೋಡಿದ. ಗೂಟದ ಹತ್ತಿರ ಹೋಗಿ ಕರುವಿನ ಹಗ್ಗವನ್ನು ಒಂದು ಸುತ್ತು ಗಿಡ್ಡ ಮಾಡಿದ.

ಕರುವಿಗೆ ಅದೆಲ್ಲ ಏನು ಗೊತ್ತು. ಹುಟ್ಟಿದ ದಿನ ಅದರ ಬಾಯಿ ಒರೆಸಿ ಮೊದಲ ಉಸಿರು ಹಿಡಿಸಿದ ಕೈ ಅದು. ಹಗ್ಗ ಎಳೆಯುವಷ್ಟು ಎಳೆದು, ಕತ್ತು ಚಾಚಿ, ಸಾಬಮ್ಮನ ಅಂಗೈ ನೆಕ್ಕಲು ನಾಲಗೆ ಹೊರಹಾಕಿತು. ಸಾಬಮ್ಮ ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.